ಸಂಖ್ಯಾನುಕಲನದಲ್ಲಿ ದೋಷದ ಮೇರೆ

೧

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದಲ್ಲಿ ಕ್ಷೇತ್ರಗಣಿತವನ್ನು ವಿವರಿಸುವಾಗ, ಲೆಕ್ಕದಿಂದ ದೊರೆಯುವ ಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ವೃತ್ತದ ವ್ಯಾಸವನ್ನು ಮೂರರಿಂದ ಗುಣಿಸಿದರೆ ಬರುವ ಪರಿಧಿಯು ವ್ಯಾವಹಾರಿಕ. ಹತ್ತರ ವರ್ಗಮೂಲದಿಂದ ಗುಣಿಸಿದರೆ ಬರುವುದು ಸೂಕ್ಷ್ಮ. ಈ ಎರಡು ಹೆಸರುಗಳು ಬಹಳ ಅರ್ಥವತ್ತಾದವು. ಯಾವ ಫಲವು ಸತ್ಯಕ್ಕೆ ಹೆಚ್ಚು ಸಮೀಪವಾದುದೆಂಬುದನ್ನು ಅವು ತಿಳಿಸುತ್ತವೆ. ಆದರೆ ಎಷ್ಟು ಸಮೀಪವೆಂಬುದನ್ನು ಹೆಸರು ಮಾತ್ರದಿಂದ ತಿಳಿಯಲಾಗದು. ಪೈಯ ಬೆಲೆಯನ್ನು ಬಲ್ಲ ನಾವು, ಒಂದು ಮಾನದ ವ್ಯಾಸಕ್ಕೆ ಮೊದಲನೆಯದು ೦.೧೪೧೬ರಷ್ಟು ಕಡಮೆಯೆಂದೂ ಎರಡನೆಯದು ೦.೦೨೦೭ರಷ್ಟು ಹೆಚ್ಚೆಂದೂ ಈಗ ಸುಲಭವಾಗಿ ಹೇಳಬಹುದು.

ಇಲ್ಲಿ ಸತ್ಯವಾದ ಬೆಲೆ ನಮಗೆ ಮೊದಲೇ ಗೊತ್ತಿರುವುದರಿಂದ ದೋಷವನ್ನು ಅಳೆಯುವುದು ಒಂದು ವ್ಯವಕಲನದ ಕೆಲಸವಷ್ಟೆ. ಆದರೆ ಸತ್ಯವು ಗೊತ್ತಿದ್ದ ಪಕ್ಷದಲ್ಲಿ ಸ್ಥೂಲವಾದ ಲೆಕ್ಕವನ್ನು ಯಾರು ತಾನೆ ಮಾಡುವರು? ಸ್ಥೂಲಗಣಿತವು ನಮಗೆ ಬೇಕಾಗುವುದು ನಿಜವಾದ ಬೆಲೆ ತಿಳಿಯದಿರುವಲ್ಲಿಯೇ. ಅಂಥ ಕಡೆ, ತಿಳಿಯದ ಸಂಖ್ಯೆಗೂ ನಾವು ಕಂಡುಹಿಡಿದ ಸಂಖ್ಯೆಗೂ ಇರುವ ಅಂತರವು ಇಷ್ಟಕ್ಕಿಂತ ಹೆಚ್ಚಲ್ಲವೆಂದು ಹೇಳುವುದು ಸಾಧ್ಯವೆ? ಸಾಧ್ಯವೆಂದೇ ಗಣಿತಶಾಸ್ತ್ರದ ಉತ್ತರ. ದೋಷವನ್ನು ತಿಳಿಯಲಾಗದಿದ್ದರೂ ದೋಷಕ್ಕೆ ಒಂದು ಮೇರೆಯನ್ನು ಹಾಕಬಹುದು. ಆ ಮೇರೆ ಎಲ್ಲಿಂದ ಬರುತ್ತದೆ, ಯಾವಾಗ ನಂಬತಕ್ಕದ್ದು, ಯಾವಾಗ ಕೈಕೊಡುತ್ತದೆ ಎಂಬುದನ್ನು ಸಂಖ್ಯಾನುಕಲನದ ಒಂದೆರಡು ಸೂತ್ರಗಳ ಮೂಲಕ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಒಂದು ವಕ್ರರೇಖೆಗೂ ಅದರ ಕೆಳಗಿನ ಆಧಾರರೇಖೆಗೂ ನಡುವಣ ವಿಸ್ತೀರ್ಣವನ್ನು ಕಂಡುಹಿಡಿಯುವುದು ಅನುಕಲನದ ಕೆಲಸವೆಂಬುದನ್ನು ವಾಚಕರು ಬಲ್ಲರು. ಕೆಲವು ಫಲನಗಳಿಗೆ ಈ ವಿಸ್ತೀರ್ಣವು ಸೂತ್ರರೂಪದಲ್ಲಿಯೇ ದೊರೆಯುತ್ತದೆ. ಆದರೆ ಸಂಭಾವ್ಯತಾಶಾಸ್ತ್ರದಲ್ಲಿ ಪದೇ ಪದೇ ಬರುವ ಗಂಟೆಯಾಕಾರದ ಗೌಸ್ ವಕ್ರದಂಥವುಗಳಿಗೆ ಪರಿಚಿತ ಫಲನಗಳಿಂದ ಕೂಡಿದ ಸೂತ್ರವೇ ಇಲ್ಲ. ಹಡಗಿನ ಒಡಲು, ಕೆರೆಯ ಪಾತ್ರ, ಹೊಳೆಯಂಚಿನ ಹೊಲ ಇವುಗಳ ವಿಷಯದಲ್ಲಂತೂ ಫಲನವೇ ಕೈಯಲ್ಲಿರುವುದಿಲ್ಲ. ಅಲ್ಲಲ್ಲಿ ಅಳೆದ ಕೆಲವು ಲಂಬಗಳು ಮಾತ್ರ ಇರುತ್ತವೆ. ಈ ಎರಡು ಸಂದರ್ಭಗಳಲ್ಲಿಯೂ ವಿಸ್ತೀರ್ಣವನ್ನು ಕಿರಿದಾದ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯ ವಕ್ರವಾದ ತಲೆಯನ್ನು ಸರಳವಾದ ಬೇರೊಂದು ರೇಖೆಯಿಂದ ಬದಲಾಯಿಸಿ, ಬಂದ ಫಲಗಳನ್ನು ಕೂಡಿಸುವುದೇ ದಾರಿ.

ತಲೆಯನ್ನು ಸರಳರೇಖೆಯಿಂದ ಮುಚ್ಚಿದರೆ ಪ್ರತಿಯೊಂದು ಪಟ್ಟಿಯೂ ತ್ರಾಪಿಜ್ಯವಾಗುವುದು. ಆದುದರಿಂದ ಈ ವಿಧಾನಕ್ಕೆ ತ್ರಾಪಿಜ್ಯ ಸೂತ್ರವೆಂದು ಹೆಸರು. ಉದಾಹರಣೆಗಾಗಿ, ಚಲಸಂಖ್ಯೆಯನ್ನು ‘ಯ’ ಎಂದು ಕರೆದು, ೧/ಯ ಎಂಬ ಫಲನದ ವಕ್ರದ ಕೆಳಗೆ ೧ರಿಂದ ೨ರವರೆಗಿನ ವಿಸ್ತೀರ್ಣವನ್ನು ತೆಗೆದುಕೊಳ್ಳೋಣ. ಇದರ ನಿಜವಾದ ಬೆಲೆ ಎರಡರ ಸ್ವಾಭಾವಿಕ ಲಾಗರಿತಮ್, ಎಂದರೆ ೦.೬೯೩೧೪೭೨. ಪರೀಕ್ಷೆಯ ಸಲುವಾಗಿ ಇದನ್ನು ಮರೆತಿರುವೆವೆಂದು ಭಾವಿಸೋಣ.

ಅಂತರವನ್ನು ನಾಲ್ಕು ಸಮಭಾಗಗಳಾಗಿ ಮಾಡಿದರೆ ಲಂಬಗಳು ಕ್ರಮವಾಗಿ ೧, ೦.೮, ೦.೬೬೬೬೬೭, ೦.೫೭೧೪೨೯, ೦.೫ ಆಗುತ್ತವೆ. ತುದಿಗಳೆರಡರ ಅರ್ಧವನ್ನೂ ನಡುವಣ ಮೂರನ್ನು ಪೂರ್ತಿಯಾಗಿಯೂ ಕೂಡಿಸಿ, ಪಟ್ಟಿಯ ಅಗಲವಾದ ೦.೨೫ರಿಂದ ಗುಣಿಸಿದರೆ ೦.೬೯೭೦೨೪ ಬರುತ್ತದೆ. ಇದರಲ್ಲಿ ಎಷ್ಟು ಅಂಕೆಗಳನ್ನು ನಂಬಬಹುದು? ಆರು ಅಂಕೆಗಳನ್ನು ಬರೆದ ಮಾತ್ರಕ್ಕೆ ಆರೂ ಸರಿಯೆಂದು ಹೇಳುವಂತಿಲ್ಲ.

೩

ಒಂದೇ ಪಟ್ಟಿಯನ್ನು ನೋಡೋಣ. ವಕ್ರರೇಖೆಯು ಬಿಲ್ಲು, ಅದರ ತುದಿಗಳನ್ನು ಕೂಡಿಸುವ ಜ್ಯಾ ಅದರ ಹೆದೆ. ಬಿಲ್ಲಿಗೂ ಹೆದೆಗೂ ನಡುವೆ ಸಿಕ್ಕಿಕೊಂಡ ವಿಸ್ತೀರ್ಣವೇ ದೋಷ. ಬಿಲ್ಲು ಬಾಗಿದಷ್ಟೂ ದೋಷ ಹೆಚ್ಚು. ಬಾಗದೆ ನೆಟ್ಟಗಿದ್ದರೆ ದೋಷವೇ ಇಲ್ಲ. ಆದುದರಿಂದ ವಕ್ರವು ಎಷ್ಟು ಎತ್ತರದಲ್ಲಿದೆ, ಎಷ್ಟು ಕಡಿದಾಗಿ ಏರುತ್ತದೆ ಎಂಬುವು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದರ ಬಾಗು ಒಂದೇ ಮುಖ್ಯ. ಫಲನವು ಏರುವ ಅಥವಾ ಇಳಿಯುವ ದರವನ್ನು ಪ್ರಥಮ ನಿಷ್ಪನ್ನವು ತಿಳಿಸುವಂತೆ, ಆ ದರವೇ ಬದಲಾಗುವ ಪ್ರಮಾಣವನ್ನು, ಎಂದರೆ ಬಾಗನ್ನು, ದ್ವಿತೀಯ ನಿಷ್ಪನ್ನವು ತಿಳಿಸುತ್ತದೆ. ಮೇರೆಯ ಸೂತ್ರದಲ್ಲಿ ದ್ವಿತೀಯ ನಿಷ್ಪನ್ನವು ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಪಟ್ಟಿಯ ಅಗಲವು ‘ಹ’ ಎಂದಿರಲಿ. ದ್ವಿತೀಯ ನಿಷ್ಪನ್ನವು, ಧನವಾಗಲಿ ಋಣವಾಗಲಿ, ಪರಿಮಾಣದಲ್ಲಿ ‘ಮ’ ಎಂಬ ಸಂಖ್ಯೆಯನ್ನು ಎಲ್ಲಿಯೂ ಮೀರದಿರಲಿ. ಬಾಗು ಎಲ್ಲೆಡೆಯೂ ಸರಿಯಾಗಿ ಮ ಆಗಿರುವ ರೇಖೆಯು ಪರವಲಯ. ಎಡತುದಿಯಿಂದ ಯ ದೂರದಲ್ಲಿ ಈ ಪರವಲಯಕ್ಕೂ ಅದರ ಹೆದೆಗೂ ನಡುವಣ ಎತ್ತರವು ಮ × ಯ × (ಹ − ಯ) ÷ ೨ ಆಗುತ್ತದೆ. ಇದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅನುಕಲಿಸಿದರೆ ಸಿಕ್ಕುವ ವಿಸ್ತೀರ್ಣವು ಮ × (ಹ-ದ ಘನ) ÷ ೧೨.

ಬಾಗು ಮ-ವನ್ನು ಮೀರದ ಬೇರೆ ಯಾವ ವಕ್ರವೂ ಇದಕ್ಕಿಂತ ಹೆಚ್ಚು ದೋಷವನ್ನುಂಟುಮಾಡಲಾರದು. ಏಕೆಂದರೆ ಪರವಲಯದ ಎತ್ತರದಿಂದ ಆ ವಕ್ರದ ಎತ್ತರವನ್ನು ಕಳೆದರೆ ಉಳಿಯುವ ರೇಖೆಯು ಎರಡು ತುದಿಗಳಲ್ಲಿಯೂ ಸೊನ್ನೆಯಾಗಿರುತ್ತದೆ; ಅದರ ದ್ವಿತೀಯ ನಿಷ್ಪನ್ನವು ಎಲ್ಲಿಯೂ ಧನವಲ್ಲದಿರುವುದರಿಂದ ಅದು ನಡುವೆ ಎಲ್ಲಿಯೂ ಬಟ್ಟಲಿನಂತೆ ತಗ್ಗಾಗಿ ಬಾಗುವುದಿಲ್ಲ. ಹಾಗೆ ಬಾಗದ ರೇಖೆಯು ಸೊನ್ನೆಯಿಂದ ಹೊರಟು ಸೊನ್ನೆಗೆ ಕೆಳದಾರಿಯಲ್ಲಿ ಮರಳಲಾರದು. ಆದುದರಿಂದ ಪರವಲಯದ ಎತ್ತರವೇ ಎಲ್ಲೆಡೆಯೂ ಹೆಚ್ಚು ಅಥವಾ ಸಮ.

ಪಟ್ಟಿಗಳೆಲ್ಲದರ ದೋಷವನ್ನು ಕೂಡಿಸಿ, ಅಂತರದ ಒಟ್ಟು ಉದ್ದವನ್ನು ‘ಲ’ ಎಂದು ಕರೆದರೆ, ತ್ರಾಪಿಜ್ಯ ಸೂತ್ರದ ಮೇರೆ ಹೀಗಾಗುತ್ತದೆ:

ದೋಷವು ಮ × ಲ × (ಹ-ದ ವರ್ಗ) ÷ ೧೨ ಎಂಬುದನ್ನು ಮೀರದು.

ಇದರಲ್ಲಿ ನಿಜವಾದ ವಿಸ್ತೀರ್ಣದ ಪ್ರಸ್ತಾಪವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸತ್ಯವನ್ನು ಕಾಣದೆಯೇ ಸತ್ಯದಿಂದ ನಮಗಿರುವ ದೂರಕ್ಕೆ ಎಲ್ಲೆ ಕಟ್ಟುವ ಉಪಾಯ ಇದೇ. ನಮ್ಮ ಉದಾಹರಣೆಯಲ್ಲಿ ದ್ವಿತೀಯ ನಿಷ್ಪನ್ನವು ಎರಡನ್ನು ಯ-ದ ಘನದಿಂದ ಭಾಗಿಸಿದಷ್ಟು. ಅದರ ಗರಿಷ್ಠ ಬೆಲೆ ಎಡತುದಿಯಲ್ಲಿ ೨. ಆದುದರಿಂದ ಮೇರೆಯು ೨ × ೧ × ೦.೦೬೨೫ ÷ ೧೨, ಎಂದರೆ ೦.೦೧೦೪. ಮರೆತಿದ್ದ ಉತ್ತರವನ್ನು ಈಗ ನೆನಪಿಗೆ ತಂದುಕೊಂಡರೆ ನಿಜವಾದ ದೋಷವು ೦.೦೦೩೯. ಅದು ಮೇರೆಯೊಳಗೇ ಇದೆ. ಆದರೆ ಮೇರೆಗಿಂತ ಬಹಳ ಚಿಕ್ಕದು. ಅತ್ಯಂತ ಹೆಚ್ಚು ಬಾಗಿದ ಎಡೆಯ ಬಾಗನ್ನೇ ಇಡೀ ಅಂತರಕ್ಕೆ ಆರೋಪಿಸಿದುದರ ಫಲವಿದು. ಮೇರೆಯೆಂಬುದು ದೋಷದ ಅಂದಾಜಲ್ಲ; ದೋಷವು ದಾಟಲಾರದ ಬೇಲಿ. ಎರಡನ್ನೂ ಒಂದೆಂದು ಎಣಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ತಪ್ಪು.

೪

ಹೆದೆಗೆ ಬದಲಾಗಿ ಸ್ಪರ್ಶರೇಖೆಯನ್ನು ತೆಗೆದುಕೊಂಡರೆ ಏನಾಗುವುದು? ಪ್ರತಿ ಪಟ್ಟಿಯ ಮಧ್ಯದಲ್ಲಿ ವಕ್ರಕ್ಕೆ ಸ್ಪರ್ಶರೇಖೆಯನ್ನೆಳೆದರೆ ಅದರ ಕೆಳಗಿನ ವಿಸ್ತೀರ್ಣವು ಮಧ್ಯದ ಲಂಬವನ್ನು ಅಗಲದಿಂದ ಗುಣಿಸಿದಷ್ಟೇ ಆಗುತ್ತದೆ. ಇದು ಮಧ್ಯಬಿಂದು ಸೂತ್ರ. ಇದರ ಮೇರೆಯಲ್ಲಿ ೧೨ರ ಸ್ಥಾನದಲ್ಲಿ ೨೪ ಬರುತ್ತದೆ. ಎಂದರೆ ಮೇರೆ ಅರ್ಧಕ್ಕಿಳಿಯುತ್ತದೆ. ನೋಡುವುದಕ್ಕೆ ಒರಟಾದ ಆಯತವು ನಯವಾದ ತ್ರಾಪಿಜ್ಯಕ್ಕಿಂತ ಮೇಲಾಗಿರುವುದು ಸ್ವಲ್ಪ ಆಶ್ಚರ್ಯಕರವೇ ಸರಿ.

ಇದಕ್ಕಿಂತಲೂ ಉಪಯುಕ್ತವಾದ ಸಂಗತಿ ಇನ್ನೊಂದುಂಟು. ೧/ಯ-ದ ವಕ್ರವು ಎಲ್ಲೆಡೆಯೂ ಬಟ್ಟಲಿನಂತೆ ಬಾಗಿರುವುದರಿಂದ ಹೆದೆಗಳು ಅದರ ಮೇಲೆಯೂ ಸ್ಪರ್ಶರೇಖೆಗಳು ಅದರ ಕೆಳಗೂ ಇರುತ್ತವೆ. ಅದೇ ನಾಲ್ಕು ಪಟ್ಟಿಗಳಿಗೆ ಮಧ್ಯಬಿಂದು ಸೂತ್ರವು ೦.೬೯೧೨೨೦ ಎಂಬ ಫಲವನ್ನು ಕೊಡುತ್ತದೆ. ಆದುದರಿಂದ ನಿಜವಾದ ಬೆಲೆಯು ೦.೬೯೧೨ಕ್ಕಿಂತ ಹೆಚ್ಚು, ೦.೬೯೭೧ಕ್ಕಿಂತ ಕಡಮೆ. ಯಾವ ನಿಷ್ಪನ್ನದ ಗರಿಷ್ಠವನ್ನೂ ಹುಡುಕದೆ, ಬಾಗಿನ ದಿಕ್ಕೊಂದನ್ನೇ ತಿಳಿದು, ಸತ್ಯವನ್ನು ಎರಡು ಕಡೆಯಿಂದಲೂ ಹಿಡಿದಂತಾಯಿತು.

ಒಂದರ ದೋಷವು ಹೆಚ್ಚಿನ ಕಡೆಗೆ, ಮತ್ತೊಂದರದು ಅದರ ಸುಮಾರು ಅರ್ಧದಷ್ಟು ಕಡಮೆಯ ಕಡೆಗೆ ಇರುವುದರಿಂದ, ಮಧ್ಯಬಿಂದು ಫಲಕ್ಕೆ ಎರಡು ಪಾಲನ್ನೂ ತ್ರಾಪಿಜ್ಯ ಫಲಕ್ಕೆ ಒಂದು ಪಾಲನ್ನೂ ಕೊಟ್ಟು ಸರಾಸರಿಯನ್ನು ತೆಗೆದರೆ ದೋಷಗಳು ಪರಸ್ಪರ ಬಹುಮಟ್ಟಿಗೆ ಅಳಿದುಹೋಗಬೇಕು. ಹಾಗೆ ಮಾಡಿದರೆ ೦.೬೯೩೧೫೪೫ ದೊರೆಯುತ್ತದೆ, ದೋಷವು ೦.೦೦೦೦೦೭೩ ಮಾತ್ರ. ಈ ಸರಾಸರಿಯೇ ಸಿಂಪ್ಸನ್ ಸೂತ್ರ. ನೇಯ್ಗೆಯ ಕಸುಬಿನಲ್ಲಿ ಬೆಳೆದು ಸ್ವಪ್ರಯತ್ನದಿಂದ ಗಣಿತವನ್ನು ಕಲಿತ ಇಂಗ್ಲೆಂಡಿನ ತಾಮಸ್ ಸಿಂಪ್ಸನ್ (೧೭೧೦–೧೭೬೧) ೧೭೪೩ರಲ್ಲಿ ಇದನ್ನು ಪ್ರಕಟಿಸಿದನು. ಆದರೆ ದ್ರಾಕ್ಷಾಮದ್ಯದ ಪೀಪಾಯಿಗಳ ಘನಫಲವನ್ನು ಕುರಿತು ಕೆಪ್ಲರನು ೧೬೧೫ರಲ್ಲಿ ಹೊರಡಿಸಿದ ಗ್ರಂಥದಲ್ಲಿ ಇದೇ ಬಗೆಯ ವಿಚಾರವಿರುವುದರಿಂದ ಜರ್ಮನರು ಇದನ್ನು ಕೆಪ್ಲರನ ಪೀಪಾಯಿ ಸೂತ್ರವೆಂದು ಕರೆಯುತ್ತಾರೆ.

ಸಿಂಪ್ಸನ್ ಸೂತ್ರದಲ್ಲಿ ಎರಡೆರಡು ಪಟ್ಟಿಗಳ ತಲೆಯ ಮೇಲೆ, ಮೂರು ಬಿಂದುಗಳ ಮೂಲಕ ಹಾಯುವ ಒಂದು ಪರವಲಯವನ್ನು ಹೊದಿಸಿದಂತಾಗುತ್ತದೆ. ಪರವಲಯಕ್ಕೆ ಸರಿಹೊಂದುವ ಸೂತ್ರವು ತೃತೀಯ ಘಾತದ ಫಲನಗಳಿಗೂ ತಪ್ಪಿಲ್ಲದೆ ಸರಿಹೋಗುತ್ತದೆ. ಏಕೆಂದರೆ ಘನಪದವನ್ನು ಮಧ್ಯಬಿಂದುವಿನಿಂದ ಅಳೆದರೆ ಎಡಗಡೆಯಲ್ಲಿ ಎಷ್ಟು ಕೊರತೆಯೋ ಬಲಗಡೆಯಲ್ಲಿ ಅಷ್ಟೇ ಹೆಚ್ಚಳ. ಎರಡೂ ವಜಾ ಆಗುತ್ತವೆ. ದುಡಿಯದೆ ದೊರೆತ ಈ ಲಾಭದಿಂದ ಮೇರೆಯಲ್ಲಿ ತೃತೀಯವನ್ನು ದಾಟಿ ಚತುರ್ಥ ನಿಷ್ಪನ್ನವೇ ಬರುತ್ತದೆ. ಅದರ ಗರಿಷ್ಠ ಪರಿಮಾಣವನ್ನು ‘ನ’ ಎಂದರೆ,

ದೋಷವು ನ × ಲ × (ಹ-ದ ಚತುರ್ಘಾತ) ÷ ೧೮೦ ಎಂಬುದನ್ನು ಮೀರದು.

ಇಲ್ಲಿ ಹ ಎಂಬುದು ನೆರೆಹೊರೆಯ ಲಂಬಗಳ ನಡುವಣ ದೂರ. ನಮ್ಮ ಲೆಕ್ಕದಲ್ಲಿ ಮಧ್ಯದ ಲಂಬಗಳೂ ಸೇರಿರುವುದರಿಂದ ಅದು ೦.೧೨೫. ನ-ದ ಬೆಲೆ ೨೪. ಆದುದರಿಂದ ಮೇರೆಯು ೦.೦೦೦೦೩೨೬. ನಿಜವಾದ ದೋಷವು ಇದರೊಳಗೇ ಇದೆ.

೫

ಮೇರೆಯ ಮುಖ್ಯ ಪ್ರಯೋಜನವು ಲೆಕ್ಕ ಮುಗಿದ ಮೇಲಲ್ಲ, ಲೆಕ್ಕ ತೊಡಗುವ ಮೊದಲು. ಲಾಗರಿತಮಿನ ಬೆಲೆಯು ಹತ್ತು ಲಕ್ಷದಲ್ಲೊಂದು ಭಾಗದೊಳಗೆ, ಎಂದರೆ ೦.೦೦೦೦೦೧ರೊಳಗೆ, ಸರಿಯಾಗಿರಬೇಕೆಂದು ಇಟ್ಟುಕೊಳ್ಳೋಣ. ತ್ರಾಪಿಜ್ಯ ಸೂತ್ರದ ಮೇರೆಯ ಪ್ರಕಾರ ೪೦೯ ಪಟ್ಟಿಗಳು ಬೇಕು. ಸಿಂಪ್ಸನ್ ಸೂತ್ರಕ್ಕೆ ೨೦ ಪಟ್ಟಿಗಳು ಸಾಕು. ಅಗಲವನ್ನು ಅರ್ಧಮಾಡಿದರೆ ಮೊದಲನೆಯ ಮೇರೆಯು ನಾಲ್ಕನೆಯ ಒಂದು ಪಾಲಿಗೂ ಎರಡನೆಯದು ಹದಿನಾರನೆಯ ಒಂದು ಪಾಲಿಗೂ ಇಳಿಯುವುದೇ ಈ ವ್ಯತ್ಯಾಸಕ್ಕೆ ಕಾರಣ. ವಾಸ್ತವವಾಗಿ ತ್ರಾಪಿಜ್ಯ ಸೂತ್ರಕ್ಕೆ ೨೫೦ ಪಟ್ಟಿಗಳೇ ಸಾಲುತ್ತಿದ್ದವು. ಉಳಿದ ೧೫೯ ನಾವು ನಿಶ್ಚಯಕ್ಕಾಗಿ ತೆತ್ತ ಬೆಲೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೇಲಿನ ಮೇರೆಯು ಲಂಬಗಳು ಪೂರ್ತಿಯಾಗಿ ಸರಿಯೆಂದು ನಂಬಿ ಹೇಳಿದುದು. ಲಂಬಗಳನ್ನು ಆರು ದಶಮಾಂಶ ಸ್ಥಾನಗಳಿಗೆ ಮೊಟಕುಗೊಳಿಸಿ ಬರೆದರೆ ಒಂದೊಂದರಲ್ಲಿಯೂ ೦.೦೦೦೦೦೦೫ರವರೆಗೆ ತಪ್ಪಿರಬಹುದು. ಈ ಸೂತ್ರಗಳಲ್ಲಿ ಲಂಬಗಳ ಗುಣಕಗಳೆಲ್ಲ ಧನಸಂಖ್ಯೆಗಳು; ಅವುಗಳ ಮೊತ್ತ ಲ. ಆದುದರಿಂದ ಈ ತಪ್ಪುಗಳೆಲ್ಲ ಒಂದೇ ಕಡೆಗೆ ಸೇರಿದರೂ ಒಟ್ಟು ದೋಷವು ಲ × ೦.೦೦೦೦೦೦೫ ಆಗಬಹುದೇ ಹೊರತು ಹೆಚ್ಚಾಗದು. ಇದು ಸಮಾಧಾನದ ಮಾತು. ಆದರೆ ಪಟ್ಟಿಗಳನ್ನು ಎಷ್ಟು ಕಿರಿದುಮಾಡಿದರೂ ಈ ಭಾಗದ ಮೇರೆ ಕಡಮೆಯಾಗುವುದಿಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ. ೨೦ ಪಟ್ಟಿಗಳ ಸಿಂಪ್ಸನ್ ಮೇರೆಯು ೦.೦೦೦೦೦೦೮೩, ಇದಕ್ಕೆ ಆ ೦.೦೦೦೦೦೦೫ನ್ನು ಕೂಡಿಸಿದರೆ ನಾವು ಬಯಸಿದ ಎಲ್ಲೆಯನ್ನು ದಾಟಿದಂತಾಯಿತು! ಲಂಬಗಳನ್ನು ಏಳು ಸ್ಥಾನಗಳಿಗೆ ಬರೆದರೆ ಮೊತ್ತವು ೦.೦೦೦೦೦೦೮೮ಕ್ಕೆ ಇಳಿದು ಮಾತು ಉಳಿಯುತ್ತದೆ. ಸೂತ್ರದ ದೋಷ, ಲಂಬಗಳ ದೋಷ ಇವೆರಡನ್ನೂ ಕೂಡಿಸದೆ ಬರೆದ ಮೇರೆಯು ಮೇರೆಯೇ ಅಲ್ಲ.

೬

ಸೂತ್ರವು ಕೈಕೊಡುವ ಸಂದರ್ಭವನ್ನು ಈಗ ನೋಡೋಣ. ಯ-ದ ವರ್ಗಮೂಲವನ್ನು ೦ಯಿಂದ ೧ರವರೆಗೆ ಅನುಕಲಿಸಬೇಕಾಗಿದೆ. ನಿಜವಾದ ಬೆಲೆ ಮೂರರಲ್ಲಿ ಎರಡು ಪಾಲು. ನಾಲ್ಕು ಪಟ್ಟಿಗಳ ಸಿಂಪ್ಸನ್ ಸೂತ್ರವು ೦.೬೫೬೫ ಎಂದು ಹೇಳುತ್ತದೆ, ದೋಷ ೦.೦೧೦೧. ಪಟ್ಟಿಗಳನ್ನು ೧೬ ಮಾಡಿದರೆ ದೋಷವು ೨೫೬ನೆಯ ಒಂದು ಪಾಲಿಗೆ ಇಳಿಯಬೇಕೆಂದು ನಿರೀಕ್ಷಿಸುತ್ತೇವೆ. ಆದರೆ ಅದು ಇಳಿಯುವುದು ೦.೦೦೧೩ಕ್ಕೆ, ಎಂದರೆ ಎಂಟನೆಯ ಒಂದು ಪಾಲಿಗೆ ಮಾತ್ರ.

ಸೂತ್ರವು ಸುಳ್ಳಾಯಿತೆ? ಇಲ್ಲ. ಚತುರ್ಥ ನಿಷ್ಪನ್ನಕ್ಕೆ ಗರಿಷ್ಠವೊಂದಿದ್ದರೆ ಎಂಬ ನಿಬಂಧನೆಯ ಮೇಲೆ ಅದು ಮಾತು ಕೊಟ್ಟಿತ್ತು. ಸೊನ್ನೆಯ ಬಳಿ ವರ್ಗಮೂಲದ ವಕ್ರವು ನೆಟ್ಟಗೆ ಮೇಲೇಳುವುದರಿಂದ ಅಲ್ಲಿ ನಿಷ್ಪನ್ನಗಳು ಎಲ್ಲೆಯಿಲ್ಲದೆ ಬೆಳೆಯುತ್ತವೆ. ಮೇರೆಯು ಅನಂತವಾಯಿತೆಂಬುದೇ ಅದು ಕೊಟ್ಟ ಎಚ್ಚರಿಕೆ. ನಿಬಂಧನೆಯನ್ನು ನೋಡದೆ ಸೂತ್ರವನ್ನು ಮಾತ್ರ ಉರುಹಚ್ಚಿದವನಿಗೆ ಆ ಎಚ್ಚರಿಕೆ ಕೇಳಿಸುವುದಿಲ್ಲ. ಇದಕ್ಕೆ ಪರಿಹಾರವೂ ಉಂಟು. ಯ-ದ ಸ್ಥಾನದಲ್ಲಿ ‘ತ’ ಎಂಬ ಹೊಸ ಸಂಖ್ಯೆಯ ವರ್ಗವನ್ನು ಇಟ್ಟರೆ ಅನುಕಲಿಸಬೇಕಾದ ಫಲನವು ತ-ದ ವರ್ಗದ ಎರಡರಷ್ಟಾಗುತ್ತದೆ. ಇದು ಪರವಲಯ, ಚತುರ್ಥ ನಿಷ್ಪನ್ನ ಸೊನ್ನೆ, ಮೇರೆಯೂ ಸೊನ್ನೆ. ಎರಡೇ ಪಟ್ಟಿಗಳಿಂದ ಪೂರ್ಣ ಸತ್ಯವೇ ದೊರೆಯುತ್ತದೆ. ಪಟ್ಟಿಗಳನ್ನು ಹೆಚ್ಚಿಸುವ ಶ್ರಮಕ್ಕಿಂತ ಮೇರೆ ಏಕೆ ಮುರಿಯಿತೆಂದು ವಿಚಾರಿಸುವ ಶ್ರಮವೇ ಮೇಲು.

ಇನ್ನೊಂದು ಅಪಾಯವು ಇದಕ್ಕಿಂತ ಗೂಢವಾದುದು. ನಿಷ್ಪನ್ನಗಳ ಗೊಡವೆ ಏಕೆ, ಪಟ್ಟಿಗಳನ್ನು ಇಮ್ಮಡಿಸಿ ನೋಡೋಣ, ಎರಡು ಫಲಗಳೂ ಹೊಂದಿಕೊಂಡರೆ ಸರಿಯೆಂದು ತಿಳಿಯೋಣ ಎಂದು ಅನೇಕರು ಹೇಳುವುದುಂಟು. ಗಣಕಯಂತ್ರಗಳಿಗೆ ಬರೆದ ಎಷ್ಟೋ ಕ್ರಮವಿಧಿಗಳು ಇಂಥ ಹೋಲಿಕೆಯನ್ನೇ ಆಶ್ರಯಿಸಿವೆ. ಯ-ವನ್ನು ೧೮೦ ಅಂಶಗಳಿಂದ ಗುಣಿಸಿ, ಬಂದ ಕೋನದ ಸೈನನ್ನು ವರ್ಗಮಾಡಿ, ಆ ಫಲನವನ್ನು ೦ಯಿಂದ ೪ರವರೆಗೆ ಅನುಕಲಿಸೋಣ. ಎರಡು ಪಟ್ಟಿಗಳಾದರೆ ಮೂರು ಲಂಬಗಳೂ ಸೊನ್ನೆ; ನಾಲ್ಕು ಪಟ್ಟಿಗಳಾದರೆ ಐದು ಲಂಬಗಳೂ ಸೊನ್ನೆ. ತ್ರಾಪಿಜ್ಯ ಸೂತ್ರವೂ ಸಿಂಪ್ಸನ್ ಸೂತ್ರವೂ ಎರಡು ಸಲವೂ ಸೊನ್ನೆಯನ್ನೇ ಕೊಡುತ್ತವೆ. ಸಾಕ್ಷಿಗಳೆಲ್ಲರೂ ಏಕಕಂಠದಿಂದ ನುಡಿಯುತ್ತಾರೆ. ಆದರೆ ನಿಜವಾದ ವಿಸ್ತೀರ್ಣ ೨. ದ್ವಿತೀಯ ನಿಷ್ಪನ್ನದ ಗರಿಷ್ಠ ೧೯.೭೪, ನಾಲ್ಕು ಪಟ್ಟಿಗಳ ತ್ರಾಪಿಜ್ಯ ಸೂತ್ರಕ್ಕೆ ಮೇರೆ ೬.೫೮. ಸೊನ್ನೆಯೆಂಬ ಉತ್ತರದ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆದಿಟ್ಟವನು ಮೋಸಹೋಗುವುದಿಲ್ಲ. ಫಲಗಳ ಪರಸ್ಪರ ಹೊಂದಿಕೆಯು ಒಳ್ಳೆಯ ಲಕ್ಷಣವೇ ಆದರೂ ಪ್ರಮಾಣವಲ್ಲ.

೭

ಕೊನೆಯದಾಗಿ, ಅಳತೆಯಿಂದ ಮಾತ್ರ ತಿಳಿದ ವಕ್ರಗಳ ವಿಷಯ. ಕ್ರಿಸ್ತಪೂರ್ವ ೩೫೦ರಿಂದ ೫೦ರ ನಡುವಣ ಬಾಬಿಲೋನಿನ ಜೇಡಿಮಣ್ಣಿನ ಫಲಕಗಳಲ್ಲಿ ಗುರುಗ್ರಹದ ಗತಿಯನ್ನು ತ್ರಾಪಿಜ್ಯದ ವಿಸ್ತೀರ್ಣದ ಮೂಲಕ ಗಣಿಸಿರುವುದನ್ನು ಮತ್ಯೂ ಆಸೆಂಡ್ರೈವರ್ ಎಂಬ ವಿದ್ವಾಂಸರು ೨೦೧೬ರಲ್ಲಿ ತೋರಿಸಿಕೊಟ್ಟರು. ಗ್ರಹದ ದಿನಗತಿಯು ಮೊದಲಿಗೆ ೧೨ ಕಲೆ. ೬೦ ದಿನಗಳಾದ ಮೇಲೆ ೯ ಕಲೆ ೩೦ ವಿಕಲೆ. ಎರಡರ ಸರಾಸರಿಯನ್ನು ೬೦ರಿಂದ ಗುಣಿಸಿದರೆ ೧೦ ಅಂಶ ೪೫ ಕಲೆ. ಇದೇ ಗ್ರಹವು ಸಾಗಿದ ದೂರ. ವೇಗವು ಸಮವಾಗಿ ಇಳಿಯುತ್ತದೆಂಬ ಕಲ್ಪನೆ ನಿಜವಾದರೆ ಈ ಲೆಕ್ಕದಲ್ಲಿ ದೋಷವೇ ಇಲ್ಲ, ಏಕೆಂದರೆ ಸರಳರೇಖೆಗೆ ಬಾಗಿಲ್ಲ. ದೋಷವೇನಾದರೂ ಇದ್ದರೆ ಅದು ಆ ಕಲ್ಪನೆಯಲ್ಲಿದೆ.

ಹೊಲವನ್ನು ಅಳೆಯುವ ಮೋಜಣಿದಾರನ ಸ್ಥಿತಿಯೂ ಇದೇ. ಎರಡು ಲಂಬಗಳ ನಡುವೆ ಗಡಿಯು ಎಷ್ಟು ಬಾಗಿದೆಯೆಂಬುದನ್ನು ಲಂಬಗಳು ಹೇಳಲಾರವು; ನಡುವೆ ಕೊರಕಲೊಂದಿದ್ದರೂ ಅಂಕಿಗಳಿಗೆ ಅದು ಕಾಣದು. ಬಾಗಿನ ಜ್ಞಾನವು ಸಂಖ್ಯೆಗಳ ಹೊರಗಿನಿಂದ, ಎಂದರೆ ಗಡಿಯುದ್ದಕ್ಕೂ ನಡೆದು ಕಣ್ಣಾರೆ ನೋಡುವುದರಿಂದಲೇ ಬರಬೇಕು. ಸೂತ್ರದಲ್ಲಿರುವ ಮ ಎಂಬ ಅಕ್ಷರವು ಹೀಗೆ ಹೊರಗಿನಿಂದ ತಂದ ಜ್ಞಾನಕ್ಕೆ ಬಿಟ್ಟ ಸ್ಥಳ. ಅದನ್ನು ತುಂಬಿಸದಿದ್ದರೆ ಮೇರೆಯಿಲ್ಲ. ಊಹೆಯಿಂದ ತುಂಬಿಸಿದರೆ ಮೇರೆಯೂ ಊಹೆಯೇ.

ಆದುದರಿಂದ ಸಂಖ್ಯಾನುಕಲನದ ಯಾವ ಫಲದ ಜೊತೆಯಲ್ಲಿಯೂ ಮೂರು ಸಂಗತಿಗಳನ್ನು ಬರೆಯುವುದು ಯುಕ್ತ: ಬಂದ ಬೆಲೆ, ಅದರ ದೋಷದ ಮೇರೆ, ಆ ಮೇರೆಗೆ ಆಧಾರವಾದ ನಿಬಂಧನೆ. ಹೀಗೆ ಬರೆದ ಪಕ್ಷದಲ್ಲಿ ವ್ಯಾವಹಾರಿಕ ಫಲವೂ ಪ್ರಾಮಾಣಿಕವಾದ ಜ್ಞಾನವೇ ಆಗುತ್ತದೆ. ಇವಿಲ್ಲದೆ ಹತ್ತು ದಶಮಾಂಶ ಸ್ಥಾನಗಳವರೆಗೆ ಬರೆದ ಬೆಲೆಯನ್ನು ಸೂಕ್ಷ್ಮವೆಂದು ಕರೆಯಲು ನಮಗೆ ಅಧಿಕಾರವಿಲ್ಲ.